ದೀಪ ಹಚ್ಚಿದ ಮೇಲೆ ಹೆಪ್ಪು

ಸೂಕ್ಷ್ಮಜೀವಿ ಶಾಸ್ತ್ರ ಓದಿದವನನ್ನು ಅಡುಗೆಮನೆಗೆ ಬಿಡಬಾರದು. ಇದಕ್ಕೆ ನಾನೇ ಸಾಕ್ಷಿ. ರಬಾಳೆಯ ಕಾರ್ಖಾನೆಯೊಂದರಲ್ಲಿ ಮೊಸರಿನ ಬ್ಯಾಕ್ಟೀರಿಯಾ ಬೆಳೆಸುವುದು ನನ್ನ ಹೊಟ್ಟೆಪಾಡು. ಅಲ್ಲಿ ಹಬೆಯಲ್ಲಿ ಬೇಯದ ಪಾತ್ರೆಯನ್ನು ಯಾರೂ ಮುಟ್ಟುವಂತಿಲ್ಲ. ಹೆಂಡತಿ ತವರಿಗೆ ಹೋಗಿದ್ದಾಗ, ಅದೇ ಚಾಳಿಯಿಂದ ಮನೆಯ ಸ್ಟೀಲ್ ಡಬ್ಬಿಯನ್ನೂ ಕುಕ್ಕರಿಗಿಟ್ಟು ಸೀಟಿ ಹೊಡೆಸಿದೆ. ತಳದಲ್ಲಿ ಹೆಪ್ಪು ಇತ್ತು, ಅವ್ವನ ಹೆಪ್ಪು. ಅವ್ವ ತೀರಿಕೊಂಡ ಮೇಲೂ ಅದು ಹಾಲಿನಿಂದ ಹಾಲಿಗೆ ದಾಟುತ್ತ ನಮ್ಮ ಸೀವುಡ್ಸ್ ಫ್ಲ್ಯಾಟಿನಲ್ಲಿ ಬದುಕಿತ್ತು.

ಹೆಪ್ಪಿನ ಬ್ಯಾಕ್ಟೀರಿಯಾದೊಳಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವಿದೆ. ಹಾಲಿನ ಸಕ್ಕರೆಯನ್ನು ಒಡೆದು ತಿನ್ನುವಾಗ ಬ್ಯಾಕ್ಟೀರಿಯಾದ ಕೈಯಲ್ಲಿ ಹೈಡ್ರೋಜನ್ ಉಳಿದುಬಿಡುತ್ತದೆ. ಈ ಕಿಣ್ವ ಆ ಹೊರೆಯನ್ನು ಒಡೆದ ಸಕ್ಕರೆಯ ಮೇಲೇ ಹೊರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆಗಲೇ ಮುಂದಿನ ಸಕ್ಕರೆಗೆ ಕೈ ಖಾಲಿ. ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿಯುವವರು ಇಳಿದರೆ ತಾನೆ ಹತ್ತುವವರಿಗೆ ಜಾಗ? ಆ ಆಮ್ಲವೇ ಹಾಲನ್ನು ಮೊಸರಾಗಿಸುತ್ತದೆ. ಕಾಲೇಜಿನಲ್ಲಿ ಕಲಿತ ಹೊಸತರಲ್ಲಿ ಅವ್ವನಿಗೆ ಇದನ್ನೆಲ್ಲ ವಿವರಿಸಿದ್ದೆ. "ಅಷ್ಟ ದುಡೀತದೇನು ಪಾಪ ಅದು?" ಎಂದವಳೇ, ಚಳಿಯಾದೀತೆಂದು ನನ್ನ ಹಳೆಯ ಸ್ವೆಟರನ್ನು ಮೊಸರಿನ ಪಾತ್ರೆಗೆ ಹೊದಿಸಿದ್ದಳು.

ಆ ಹೆಪ್ಪು ಕುಕ್ಕರಿನಲ್ಲಿ ಸತ್ತಿತ್ತು; ಮರಳಿ ಪಡೆಯಲು ಉಳಿದದ್ದು ಒಂದೇ ದಾರಿ. ಡೊಂಬಿವಲಿಯ ನಮ್ಮ ಹಳೆಯ ಚಾಳಿನಲ್ಲಿ ಪಕ್ಕದ ಮನೆಯವರಾದ ಉಡುಪಿಯ ಶಾರದಕ್ಕ ಈಗಲೂ ಇದ್ದಾರೆ. ಅವರ ಮೊಸರು ಅವ್ವ ಕೊಟ್ಟ ಹೆಪ್ಪಿನದೇ. ಡ್ಯೂಟಿ ಮುಗಿಸಿ, ಅದೇ ಸ್ಟೀಲ್ ಡಬ್ಬಿ ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ನೂಕಿಸಿಕೊಂಡು ತಲುಪುವಷ್ಟರಲ್ಲಿ ಅವರ ದೇವರ ಮುಂದೆ ದೀಪ ಉರಿಯುತ್ತಿತ್ತು.

"ದೀಪ ಹಚ್ಚಿ ಆಯ್ತಲ್ಲ ಮಾರಾಯ. ಇನ್ನು ಹೆಪ್ಪು ಕೊಡ್ಲಿಕ್ಕಿಲ್ಲ," ಎಂದರು ಶಾರದಕ್ಕ.

"ಅಕ್ಕಾ, ಬ್ಯಾಕ್ಟೀರಿಯಾಕ್ಕ ದೀಪದ ಹೊತ್ತು ಎಲ್ಲಿ ತಿಳೀತದ್ರೀ?"

"ನಿನ್ನ ಅಮ್ಮನಿಗೆ ತಿಳೀತಿತ್ತು. ನನ್ನನ್ನೇ ಒಂದು ಸಂಜೆ ಬರಿಗೈಲಿ ಕಳಿಸಿದ್ರು. ಬೆಳಿಗ್ಗೆ ಬಾ, ಕೊಡ್ತೇನೆ. ಊಟಕ್ಕೆ ಅಡ್ಡಿಯಿಲ್ಲ, ಕೂತ್ಕೋ."

ಅವ್ವನ ಕಾನೂನಿಗೆ ಅಪೀಲು ಇಲ್ಲ. ಕೂತೆ. ಮೊಸರನ್ನದ ಮೊದಲ ತುತ್ತಿಗೇ ಗೊತ್ತಾಯಿತು: ಮೊದಲು ಚೂರು ಹುಳಿ, ಹಿಂದೆಯೇ ಸಿಹಿ. ಅವ್ವನದೇ ಮೊಸರು. ಮತ್ತೆ ಮತ್ತೆ ಹಾಕಿಸಿಕೊಂಡೆ. ಕಡೆಗೆ ಶಾರದಕ್ಕ ಪಾತ್ರೆಯನ್ನು ಹಿಂದಕ್ಕೆಳೆದುಕೊಂಡರು.

"ಸಾಕು. ಇದನ್ನೂ ತಿಂದ್ರೆ ಬೆಳಿಗ್ಗೆ ನಿಂಗೆ ಕೊಡ್ಲಿಕ್ಕೆ ಹೆಪ್ಪೇ ಇರುದಿಲ್ಲ. ಡಬ್ಬಿ ಇಲ್ಲೇ ಇಟ್ಟು ಹೋಗು. ತೊಳ್ದದ್ದು ಹೌದಲ್ಲ?"

ತಲೆ ತಗ್ಗಿಸಿಕೊಂಡು ಡಬ್ಬಿ ಕೊಟ್ಟೆ. ಅದಕ್ಕಿಂತ ಶುದ್ಧವಾದ ಡಬ್ಬಿ ಇಡೀ ಡೊಂಬಿವಲಿಯಲ್ಲೇ ಇರಲಿಲ್ಲ.