ಹಡಗಿನಲ್ಲಿ ತುಂಬಿದ ಉಡಿ

ಹಡಗಿನ ಮೇಲಟ್ಟದ ಮೂಲೆಯಲ್ಲಿ ಜಮಖಾನ ಹಾಸಿಕೊಂಡು ಗುರುಶಾಂತಮ್ಮ ರೊಟ್ಟಿ ಒರೆಸುತ್ತಿದ್ದಳು. ಮಾನ್ವಿಯಿಂದ ಕಟ್ಟಿ ತಂದ ಉಪ್ಪಿನಕಾಯಿಯ ಭರಣಿ ರೈಲಿನಲ್ಲಿಯೇ ಸೋರಿ, ಗಂಟಿನಲ್ಲಿದ್ದ ಖಡಕ್ ರೊಟ್ಟಿಗಳೆಲ್ಲ ಅರ್ಧ ಕೆಂಪಾಗಿದ್ದವು. ಒಂದೊಂದನ್ನೇ ತೆಗೆದು, ಹಳೆಯ ಧೋತರದ ತುಂಡಿನಿಂದ ಒರೆಸಿ, ಮುರಿಯದಂತೆ ಇನ್ನೊಂದರ ಮೇಲೆ ಇಡುತ್ತಿದ್ದಳು. ಎಣ್ಣೆಯ ಘಾಟು ಮೂಗಿಗೆ ಬಡಿಯುತ್ತಿತ್ತು. ಹಡಗು ಮುಂಬಯಿಯ ದಂಡೆ ಬಿಟ್ಟು ಬಯಲು ನೀರಿಗೆ ಬಿದ್ದಿತ್ತು. ಅಕ್ಕಿ ಗಿರಣಿಯ ಜರಡಿಯಂತೆ ಮೆಲ್ಲಗೆ ಅಲುಗಾಡುತ್ತಿತ್ತು. ಅವಳ ಹೊಟ್ಟೆಯೊಳಗೆ ಖಾನಾವಳಿಯ ಊಟವೂ ಅದೇ ತಾಳಕ್ಕೆ ಅಲುಗಾಡತೊಡಗಿತು. ಕೊನೆಯ ರೊಟ್ಟಿ ಕೈಯಲ್ಲಿರುವಾಗಲೇ ಎದ್ದು ಹಡಗಿನ ಅಂಚಿನ ಕಟಕಟೆಗೆ ಓಡಿದಳು.

ಆ ದಿನದ ರಂಪಕ್ಕೆಲ್ಲ ಆ ಓಟವೇ ಮೂಲ.

ಗಂಡ ಗಡಿಗೆಪ್ಪನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಆ ವರ್ಷ ಕಾಲುವೆಯ ಎರಡನೆಯ ಬೆಳೆ ಚೆನ್ನಾಗಿ ಬಂದಿತ್ತು. ಸಮುದ್ರದ ಗಾಳಿ ಕುಡಿದು ಬನ್ನಿ ಎಂದು ಮುಂಬಯಿಯ ದಲಾಲಿಯೊಬ್ಬ ಗೋವಾ ಹಡಗಿನ ಟಿಕೀಟು ತೆಗೆಸಿಕೊಟ್ಟಿದ್ದ. ಬೆಳಿಗ್ಗೆ ಹತ್ತಿದರೆ ಮರುದಿನ ಬೆಳಿಗ್ಗೆ ಪಣಜಿ. ಮಳೆಗಾಲಕ್ಕೆ ಓಡಾಟ ನಿಲ್ಲಿಸುವ ಮುಂಚಿನ ಕಡೆಯ ಹಡಗುಗಳಲ್ಲಿ ಅದೂ ಒಂದು.

ಅತ್ತೆ ಅಂಬಮ್ಮ ಇಲ್ಲದೆ ಆ ಮನೆಯಿಂದ ಬಂಡಿಯೂ ಹೊರಡುತ್ತಿರಲಿಲ್ಲ, ಇನ್ನು ಹಡಗೆಲ್ಲಿ. ಅಂಬಮ್ಮನ ಜೊತೆಗೆ ಪಕ್ಕದ ಮನೆಯ ಮಹಬೂಬೀ. ಮುಂಬಯಿಯನ್ನು ಎರಡು ಸಲ ನೋಡಿದವಳಾದ್ದರಿಂದ ಲೋಕದಲ್ಲಿ ತನಗೆ ತಿಳಿಯದ್ದು ಉಳಿದಿಲ್ಲವೆಂಬ ನಂಬಿಕೆ ಅವಳದು. ಇವರೊಂದಿಗೆ ಮೂಕಮ್ಮ, ಅಂಬಮ್ಮನ ಅಣ್ಣನ ಮಗಳು. ಸಂಕ್ರಾಂತಿಗೆಂದು ದೇವದುರ್ಗದಿಂದ ಬಂದ ಹುಡುಗಿಯನ್ನು ಅತ್ತೆ ತಿರುಗಿ ಕಳಿಸಿರಲಿಲ್ಲ. ಕೆಲಸಕ್ಕೆ ಆಸರೆಯಾಗಲಿ ಎಂದು ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದಳು. ಯಾವ ಕೆಲಸಕ್ಕೆ ಎಂಬುದು ಮಾನ್ವಿಯ ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವವರಿಗೂ ಗೊತ್ತಿತ್ತು. ಗುರುಶಾಂತಮ್ಮನ ಮದುವೆಯಾಗಿ ಏಳನೆಯ ವರ್ಷ, ತೊಟ್ಟಿಲು ಇನ್ನೂ ಅಟ್ಟದ ಮೇಲೆಯೇ ಇತ್ತು. ಕಾರಹುಣ್ಣಿಮೆ ಕಳೆದ ಮೇಲೆ ಗಡಿಗೆಪ್ಪನಿಗೆ ಮೂಕಮ್ಮನನ್ನು ಕಟ್ಟುವುದೆಂದು ಮಾತಾಗಿತ್ತು. ಆಮೇಲೆ ಗುರುಶಾಂತಮ್ಮ ಆ ಮನೆಯಲ್ಲಿ ಒಲೆಯ ಮುಂದಿನ ಆಳು, ಇಲ್ಲವೆ ಕುರ್ಡಿಯ ತವರಿನಲ್ಲಿ ಅಣ್ಣಂದಿರ ಹೆಂಡಿರ ಕಣ್ಣಿನ ಕಸ. ಅದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಡಗಿಸಿಯೂ ಇರಲಿಲ್ಲ.

ಕಟಕಟೆಗೆ ಜೋತುಬಿದ್ದ ಅವಳನ್ನು ಮೊದಲು ಕಂಡವಳು ಮಹಬೂಬೀ.

"ಅಂಬವ್ವಕ್ಕ, ನಿನ್ನ ಸೊಸಿ ವಾಂತಿ ಮಾಡ್ಕೊಳ್ಳಾಕತ್ಯಾಳ. ಅದೂ ಮುಂಜಾನಿ ಹೊತ್ತಿನಾಗ."

ಅವರಲ್ಲಿ ಯಾರೂ ಸಮುದ್ರದ ಮೇಲೆ ಹೋದವರಲ್ಲ. ನೀರೆಂದರೆ ಕಾಲುವೆ, ಇಲ್ಲವೆ ಹೊಳೆ. ಅವೆರಡೂ ಇಷ್ಟು ವರ್ಷ ಹರಿದರೂ ಯಾರ ಹೊಟ್ಟೆಯನ್ನೂ ತೊಳಸಿದ್ದಿಲ್ಲ. ಮದುವೆಯಾದ ಸೊಸೆ ಬೆಳಿಗ್ಗೆ ವಾಂತಿ ಮಾಡಿದರೆ ಅವರ ಓಣಿಯಲ್ಲಿ ಕಾರಣ ಒಂದೇ.

ಅಂಬಮ್ಮ ಎದ್ದು ಬಂದಳು. ಸೊಸೆಯ ಕಣ್ಣ ರೆಪ್ಪೆ ಹಿಗ್ಗಿಸಿ ನೋಡಿದಳು, ನಾಲಿಗೆ ನೋಡಿದಳು, ಸಂತೆಯಲ್ಲಿ ಎಮ್ಮೆ ನೋಡುವವರಂತೆ ಸುತ್ತಲೂ ಒಮ್ಮೆ ನೋಡಿದಳು. ನಿಜ ಗುರುಶಾಂತಮ್ಮನಿಗೆ ಗೊತ್ತಿತ್ತು. ಊರು ಬಿಡುವ ವಾರವಷ್ಟೇ ಅವಳು ಮುಟ್ಟಾಗಿದ್ದಳು. ಅವರ ಮನೆತನದಲ್ಲಿ ಹೆಂಗಸರು ಮೂರು ದಿನ ಮೂಲೆ ಹಿಡಿದು ಕೂರುವ ಪದ್ಧತಿ ಇರಲಿಲ್ಲ. ಆಗಲೂ ಪೂಜೆ ಮಾಡಬಹುದು, ಒಲೆ ಮುಟ್ಟಬಹುದು. ಹಾಗಾಗಿ ಯಾರಿಗೆ ಯಾವಾಗ ಆಯಿತು ಎಂಬ ಲೆಕ್ಕ ಅತ್ತೆಗೆ ಸಿಗುತ್ತಿರಲಿಲ್ಲ. ಗುರುಶಾಂತಮ್ಮ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ಅಂಗೈ ಅವಳ ನೆತ್ತಿಯ ಮೇಲೆ ಬಂದಿತು. ಏಳು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. ತೆರೆದ ಬಾಯಿ ತಾನೇ ಮುಚ್ಚಿಕೊಂಡಿತು.

ಮುಂದಿನದು ಯಾರ ಕೈಯಲ್ಲೂ ಇರಲಿಲ್ಲ. ಊರಿಗೆ ಹೋಗಿ ಉಡಿ ತುಂಬಿದರಾಯಿತು ಎಂದು ಗಡಿಗೆಪ್ಪ ಗೊಣಗಿದ, ಅಂಬಮ್ಮ ಕೇಳಲಿಲ್ಲ. ಒಣಕೊಬ್ಬರಿ, ಬೆಲ್ಲ, ಹಿಡಿ ಅಕ್ಕಿ ಗಂಟಿನಲ್ಲಿಯೇ ಇದ್ದವು. ಮಹಬೂಬೀ ತನ್ನ ಟ್ರಂಕಿನಿಂದ ಖರ್ಜೂರ ತಂದು ಕೊಟ್ಟಳು. ಹಡಗಿನ ಮಂದಿಯೆಲ್ಲ ಗುಂಪುಗೂಡಿ ನೋಡುತ್ತಿರಲು, ತೊನೆಯುತ್ತಿದ್ದ ಹಲಗೆಯ ಮೇಲೆ ಕೂರಿಸಿ ಸೊಸೆಗೆ ಉಡಿ ತುಂಬಿದರು. ಸೆರಗು ಹಿಡಿದ ಗುರುಶಾಂತಮ್ಮ ಹೊಟ್ಟೆಯಲ್ಲಿದ್ದುದನ್ನು ಒಳಗೇ ಇಟ್ಟುಕೊಳ್ಳಲು ಹಲ್ಲು ಕಚ್ಚಿದ್ದಳು. ನೋಡಿದವರು ನಾಚಿಕೆ ಎಂದುಕೊಂಡರು.

ಗುಂಪಿನಲ್ಲಿದ್ದ ಗೋವೆಯ ಮುದುಕಿಯೊಬ್ಬಳು ನಿಂಬೆಹಣ್ಣು ತಂದು ಅವಳ ಕೈಗಿಟ್ಟಳು. ಸಮುದ್ರದತ್ತ ಬೆರಳು ಮಾಡಿ, ಹೊಟ್ಟೆಯತ್ತ ಬೆರಳು ಮಾಡಿ, ಅಂಗೈಯನ್ನು ಅಲೆಯಂತೆ ಆಡಿಸಿ ಏನೋ ವಿವರಿಸಿದಳು. ಭಾಷೆ ಯಾರಿಗೂ ತಿಳಿಯಲಿಲ್ಲ. ಮಹಬೂಬೀ ಮಾತ್ರ ತಲೆದೂಗಿ ಅರ್ಥ ಬಿಡಿಸಿದಳು.

"ಗಂಡು ಕೂಸಂತ. ಸಮುದ್ರದಷ್ಟು ದೊಡ್ಡ ಮನಷ್ಯಾ ಆಗ್ತಾನಂತ."

ಅಂಬಮ್ಮ ಆ ಮುದುಕಿಗೂ ಒಂದು ತುಂಡು ಕೊಬ್ಬರಿ ಕೊಟ್ಟು ಕೈ ಮುಗಿದಳು. ಮಗನನ್ನು ಕರೆದು ಎಲ್ಲರೆದುರು ಹೇಳಿದಳು, "ಊರಿಗಿ ಹೋದ ಕೂಡ್ಲೆ ಮೂಕಮ್ಮನ್ನ ದೇವದುರ್ಗಕ್ಕ ಕಳಸ್ತೀನಿ. ಅಣ್ಣಗ ನಾ ಹೇಳ್ಕೋತೀನಿ. ಇನ್ನ ಆ ಲಗ್ನದ ಮಾತು ಬ್ಯಾಡ."

ಗಡಿಗೆಪ್ಪ ಹೆಂಡತಿಯನ್ನು ನೋಡಿದ, ಮೂಕಮ್ಮನನ್ನು ನೋಡಿದ, ಆಮೇಲೆ ನೀರನ್ನು ನೋಡಿದ. "ಛಲೋ ಆತು" ಎಂದ. ಅಕ್ಕಿಯ ಧಾರಣೆ ಬಿತ್ತೆಂದು ಕೇಳಿದವನ ದನಿಯಿತ್ತು ಅದಕ್ಕೆ.

ಮಧ್ಯಾಹ್ನದವರೆಗೆ ಗುರುಶಾಂತಮ್ಮ ರಾಣಿಯಂತಿದ್ದಳು. ತಲೆದಿಂಬು ಅವಳಿಗೆ, ನೆರಳು ಅವಳಿಗೆ. ಒರೆಸಿದ ರೊಟ್ಟಿಯಲ್ಲಿ ಕೆಂಪಿಲ್ಲದ್ದನ್ನು ಆರಿಸಿ ಅವಳಿಗೆ. ತಿಂದದ್ದೊಂದೂ ನಿಲ್ಲಲಿಲ್ಲ. ಅವಳು ವಾಂತಿ ಮಾಡಿದಷ್ಟೂ ಅತ್ತೆಯ ಮುಖ ಅರಳುತ್ತಿತ್ತು. ಮಹಬೂಬೀ ಕೂಸಿಗೆ ಯಾರ ಮೂಗು ಬಂದರೆ ಲೇಸು ಎಂಬಲ್ಲಿಯವರೆಗೆ ಹೋಗಿದ್ದಳು. ಈ ಸುಳ್ಳು ಇನ್ನೆಷ್ಟು ದಿನ ನಡೆಯುತ್ತದೆ ಎಂದು ಗುರುಶಾಂತಮ್ಮ ಯೋಚಿಸಲಿಲ್ಲ. ಕಾರಹುಣ್ಣಿಮೆ ದಾಟಿದರೆ ಸಾಕಿತ್ತು.

ಕಾರಹುಣ್ಣಿಮೆ ದೂರದ ಮಾತು. ಸುಳ್ಳು ಇಳಿಹೊತ್ತನ್ನೂ ದಾಟಲಿಲ್ಲ.

ಪಡುವಣದಿಂದ ಗಾಳಿ ಎದ್ದಿತು. ಜರಡಿಯಂತಿದ್ದ ಹಡಗು ಈಗ ಗಿರಣಿಯೇ ಆಯಿತು, ಮೇಲಿದ್ದ ಮಂದಿ ತೌಡಾದರು. ಮೊದಲು ಅಂಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒತ್ತಿದ್ದು ನಿಲ್ಲಲಿಲ್ಲ. ಅವಳ ಬೆನ್ನು ಸವರಲು ಹೋದ ಮಹಬೂಬೀ ಅವಳ ಪಕ್ಕದಲ್ಲಿಯೇ ಬಗ್ಗಿದಳು. ಗಡಿಗೆಪ್ಪ ಸಿಗರೇಟು ಎಸೆದು ಕಟಕಟೆಗೆ ಓಡಿದ. ಎತ್ತ ನೋಡಿದರೂ ಮಂದಿ ಸಾಲಾಗಿ ಸಮುದ್ರಕ್ಕೆ ನಮಸ್ಕಾರ ಹಾಕುವವರಂತೆ ಬಗ್ಗಿದ್ದರು. ಗಟ್ಟಿಯಾಗಿ ಕೂತವಳು ಮೂಕಮ್ಮ ಒಬ್ಬಳೇ. ಮೊಣಕಾಲು ತಬ್ಬಿಕೊಂಡು, ಕೇಳಿದವರಿಗೆ ಚೊಂಬು ಎತ್ತಿಕೊಡುತ್ತಿದ್ದಳು.

ಎರಡು ವಾಂತಿಯ ನಡುವೆ ಉಸಿರು ಸಿಕ್ಕಾಗ ಮಹಬೂಬೀ ಕೇಳಿದಳು, "ಅಂಬವ್ವಕ್ಕ, ನಿನ್ನ ಹೊಟ್ಟ್ಯಾಗೂ ಏನರ ಸುದ್ದಿ ಅದ ಏನು?"

ಬಕೀಟು ಹಿಡಿದು ಬಂದ ಹಡಗಿನ ಆಳು ನಗುತ್ತ ಹಿಂದಿಯಲ್ಲಿ ಏನೋ ಹೇಳಿ ಹೋದ. ಇದು ಹಡಗಿನ ಬೇನೆ, ಹೊಸಬರಿಗೆಲ್ಲ ಬರುತ್ತದೆ, ನೆಲ ಮುಟ್ಟಿದರೆ ಹೋಗುತ್ತದೆ ಎಂದಿದ್ದ. ಅದನ್ನು ಮಹಬೂಬೀ ಕನ್ನಡದಲ್ಲಿ ಹೇಳುವಾಗ ಅವಳ ದನಿ ನೆಲ ಹಿಡಿದಿತ್ತು. ಅಂಬಮ್ಮ ಅರ್ಧ ಕಣ್ಣು ತೆರೆದು ಸೊಸೆಯನ್ನು ನೋಡಿದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತರೀ ಅತ್ತಿ."

"ಮತ್ತ ಯಾಕ ಹೇಳಲಿಲ್ಲ ಬೇ?"

"ನಿಮ್ಮ ಕೈ ನನ್ನ ತಲಿ ಮ್ಯಾಲಿತ್ತರೀ."

ಬಯ್ಯಲು ಅಂಬಮ್ಮ ಬಾಯಿ ತೆರೆದಳು. ಬಯ್ಗುಳದ ಬದಲು ಬೇರೆಯದೇ ಬಂದಿತು.

ಬೆಳಿಗ್ಗೆಯಿಂದ ಎಲ್ಲ ಕಕ್ಕಿ ಹಗುರಾಗಿದ್ದ ಗುರುಶಾಂತಮ್ಮನಿಗೆ ಈಗ ಕಕ್ಕಲು ಏನೂ ಉಳಿದಿರಲಿಲ್ಲ. ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಯಿ ಒರೆಸಿದಳು, ನಿಂಬೆಹಣ್ಣು ಮೂಸಲು ಕೊಟ್ಟಳು, ಹೊಲಸಾದ ಸೀರೆಯನ್ನು ಹೆಂಗಸರು ಮರೆ ಹಿಡಿದಾಗ ಬದಲಿಸಿದಳು. ಗಂಡನ ಅಂಗಿಯನ್ನೂ ತೊಳೆದಳು. ಮಹಬೂಬೀ ಸತ್ತೇ ಹೋದೆನೆಂದು ಮಕ್ಕಳ ಹೆಸರು ಹಿಡಿದು ಅಳುತ್ತಿದ್ದಳು, ಅವಳನ್ನೂ ಹಿಡಿದು ಕೂರಿಸಿದಳು. ಹೊತ್ತು ಮುಳುಗುವಾಗ ಗಾಳಿ ತುಸು ತಗ್ಗಿತು. ಅಂಬಮ್ಮ ಸೊಸೆಯ ಮಣಿಕಟ್ಟನ್ನು ಹಿಡಿದುಕೊಂಡಳು.

"ಹೊಟ್ಟಿಲೆ ಹುಟ್ಟಿದ ಮಗಳೂ ಇಷ್ಟು ಮಾಡಾಂಗಿಲ್ಲ," ಎಂದಳು. "ಮುಂಜಾನಿ ಕೂಸಿನ ಆಸಿಗಿ ಹೇಳಿದ್ದೆ. ಈಗ ಆಸಿ ಇಲ್ದ ಹೇಳ್ತೀನಿ. ಕೂಸು ಆಗಲಿ, ಬಿಡಲಿ, ನನ್ನ ಮನಿಗಿ ನೀ ಒಬ್ಬಾಕಿನೇ ಸೊಸಿ. ಮಹಬೂಬೀ, ನೀ ಕೇಳಿದಿ ಹೌದಿಲ್ಲೋ?"

ಕೇಳಿದೆ ಎಂದು ಮಹಬೂಬೀ ಅಲ್ಲಾನ ಹೆಸರು ಹೇಳಿದಳು. ಅತ್ತೆಯ ತಲೆಯ ಭಾರಕ್ಕೆ ಗುರುಶಾಂತಮ್ಮನ ತೊಡೆ ಜೋಮು ಹಿಡಿದಿತ್ತು. ಅವಳು ಅಲುಗಾಡಿಸಲಿಲ್ಲ. ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಇದನ್ನು ಯಾವ ಗಾಳಿಯೂ ಕೀಳಲಾರದು ಎನಿಸಿತು.

ಬೆಳಗಾದಾಗ ಪಣಜಿ. ನೀರು ಕಾಲುವೆಯಷ್ಟು ಸಾಧುವಾಗಿತ್ತು. ನೆಲಕ್ಕೆ ಕಾಲಿಟ್ಟದ್ದೇ ಎಲ್ಲರ ಮುಖಕ್ಕೂ ಬಣ್ಣ ಬಂದಿತು. ಗಡಿಗೆಪ್ಪ ಮೀಸೆ ತಿದ್ದಿಕೊಂಡ. ಮಹಬೂಬೀ ಆಗಲೇ ಪಕ್ಕದವರಿಗೆ ತಾನು ಎಲ್ಲರನ್ನೂ ಹೇಗೆ ಬದುಕಿಸಿದೆನೆಂದು ಹೇಳುತ್ತಿದ್ದಳು. ದಂಡೆಯ ಹೋಟೆಲಿನಲ್ಲಿ ಬೆಂಚಿನ ಮೇಲೆ ಕೂತು ಚಹಾ ತರಿಸಿದರು.

ಚಹಾ ಮೂಗಿನ ಹತ್ತಿರ ಬಂದದ್ದೇ ಮೂಕಮ್ಮ ಎದ್ದು ಹೋಗಿ ಗೋಡೆ ಹಿಡಿದು ಬಗ್ಗಿದಳು.

"ಹಡಗಿಂದೇ," ಎಂದಳು ಮಹಬೂಬೀ. "ಇಕಿಗಿ ತಡ ಆಗಿ ಬಂದದ."

ಮೂಕಮ್ಮ ಬಂದು ಕೂತಳು. ಮೀನಿನ ಬುಟ್ಟಿಯೊಂದು ಎದುರಿಗೆ ಹಾಯಿತು. ಮತ್ತೆ ಗೋಡೆಗೆ ಹೋದಳು. ನೆಲ ಅಲುಗಾಡುತ್ತಿರಲಿಲ್ಲ. ಗೋಡೆಯೂ ಅಲುಗಾಡುತ್ತಿರಲಿಲ್ಲ.

ಅಂಬಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟು ಹುಡುಗಿಯ ಹತ್ತಿರ ಹೋದಳು.

"ಮುಟ್ಟಾಗಿ ಎಷ್ಟು ದಿನ ಆತು ಬೇ ನೀ?"

ಮೂಕಮ್ಮ ಹಸಿ ಸುಣ್ಣದಂತೆ ಬಿಳಿಚಿದ ಮುಖ ಎತ್ತಿ ಗಡಿಗೆಪ್ಪನನ್ನು ನೋಡಿದಳು. ಗಡಿಗೆಪ್ಪ ನಿಂತ ಹಡಗಿನ ಕಡೆ ನೋಡುತ್ತಿದ್ದ, ಅದು ಈಗಲೇ ತಿರುಗಿ ಹೊರಟರೆ ಹತ್ತುವವನಂತೆ.

ಅಂಬಮ್ಮನ ಕೈ ಮೇಲಕ್ಕೆದ್ದಿತು. ಹೊಡೆಯುತ್ತಾಳೆ ಎಂದುಕೊಂಡು ಹುಡುಗಿ ಕಣ್ಣು ಮುಚ್ಚಿದಳು. ಎದ್ದ ಕೈ ಗಾಳಿಯಲ್ಲಿ ಒಂದು ಕ್ಷಣ ತಡೆಯಿತು, ಬೆರಳುಗಳು ತಮ್ಮಷ್ಟಕ್ಕೆ ತಿಂಗಳು ಎಣಿಸಿದವು. ಎಣಿಕೆ ಮುಗಿದ ಮೇಲೆ ಅದು ಮೆಲ್ಲಗೆ ಇಳಿದು ಮೂಕಮ್ಮನ ನೆತ್ತಿಯ ಮೇಲೆ ಕೂತಿತು.

"ಬಿಸಲಾಗ ಯಾಕ ನಿಂತಿ ಯವ್ವಾ, ನೆಳ್ಳಿಗಿ ಬಾ," ಎಂದಳು.

ಬೆಂಚಿನಲ್ಲಿ ಜಾಗ ಬೇಕಾಯಿತು. ಗುರುಶಾಂತಮ್ಮ ಎದ್ದು ನಿಂತಳು. ಅಂಬಮ್ಮ ಹುಡುಗಿಯನ್ನು ಅಲ್ಲಿ ಮಲಗಿಸಿದಳು, ಮಹಬೂಬೀ ಸೆರಗಿನಿಂದ ಗಾಳಿ ಹಾಕತೊಡಗಿದಳು, ಗಡಿಗೆಪ್ಪ ಯಾರೂ ಹೇಳದೆಯೇ ಎಳನೀರು ತರಲು ಓಡಿದ. ಗುರುಶಾಂತಮ್ಮನಿಗೆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಮೂಕಮ್ಮ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದಳು, ಬಾವಿಗೆ ಬಿದ್ದವರು ಮೇಲಿದ್ದವರನ್ನು ನೋಡುವಂತೆ.

ಎಳನೀರು ಬಂದಿತು. ಎಲ್ಲರೂ ಬೆಂಚಿನ ಮೇಲೆ ಬಗ್ಗಿದರು. ಅವರ ಬೆನ್ನುಗಳ ಹಿಂದೆ ನಿಂತು ಗುರುಶಾಂತಮ್ಮ ಹೇಳಿದಳು, "ಅತ್ತೀ, ನನ್ನ ತವರಿಗಿ, ಕುರ್ಡಿ ಕಡೆ ಹೋಗೋ ಬಸ್ಸಿಗಿ ಹತ್ತಸ್ರಿ."