ದೊಡ್ಡಮ್ಮನ ಮುದ್ದೆಯೂ ನನ್ನ ಟೂಲ್ ವಿವರಣೆಯೂ

ಚಿಕ್ಕದಾಗಿ ಬರೆದರೆ ಸ್ಪಷ್ಟವಾಗಿ ಬರೆದಂತೆ ಎಂದು ನಂಬಿಕೊಂಡವರಲ್ಲಿ ನಾನೂ ಒಬ್ಬಳು. ನಮ್ಮ ಕಡೆಯವರೆಲ್ಲ ಹಾಗೆಯೇ ಬಿಡಿ. ಶಿಡ್ಲಘಟ್ಟದಲ್ಲಿ ನಿಂತು ಯಾರನ್ನಾದರೂ ದಾರಿ ಕೇಳಿ, 'ಇಲ್ಲೇ ಮುಂದೆ' ಅನ್ನುತ್ತಾರೆ. ಆ 'ಇಲ್ಲೇ ಮುಂದೆ' ಪಕ್ಕದ ಬೀದಿಯೂ ಆಗಬಹುದು, ಗೌರಿಬಿದನೂರು ದಾಟಿದ ಅಲೀಪುರವೂ ಆಗಬಹುದು. ನಮ್ಮಮ್ಮ ಅಡುಗೆಮನೆಗೆ ನನ್ನನ್ನು ಅಟ್ಟಿ, "ಆ ಡಬ್ಬಿ ಪಕ್ಕದ ಡಬ್ಬೀಲಿರೋದು ಒಂಚೂರು ಹಾಕೇ" ಅನ್ನುತ್ತಾಳೆ. ಯಾವ ಡಬ್ಬಿ, ಯಾವುದರ ಪಕ್ಕ, ಎಷ್ಟು, ಯಾವುದಕ್ಕೆ? ಒಂದನ್ನೂ ಹೇಳುವುದಿಲ್ಲ, ಆದರೂ ಸಾರು ಚೆನ್ನಾಗಿಯೇ ಆಗುತ್ತದೆ. ಯಾಕೆಂದರೆ ನಾನು ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಎಐ ಏಜೆಂಟ್ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು.

ನಾನು ಇದನ್ನೆಲ್ಲ ಕಾಲೇಜಿನಲ್ಲಿ ಕಲಿತವಳಲ್ಲ. ವಿಡಿಯೋ ನೋಡಿ, ಕೆಡಿಸಿ, ಮತ್ತೆ ನೋಡಿ ಕಲಿತದ್ದು. ಏಜೆಂಟ್ ಅಂದರೆ ನಾವು ಹೇಳಿದ್ದನ್ನು ಕೇಳಿಸಿಕೊಂಡು ತಾನೇ ಕೆಲಸ ಮಾಡುವ ಎಐ. ಅದರ ಕೈಗೆ ಕೊಡುವ ಒಂದೊಂದು ಕೆಲಸಕ್ಕೂ ಟೂಲ್ ಅನ್ನುತ್ತಾರೆ. ಯಾವ ಟೂಲನ್ನು ಯಾವಾಗ ಬಳಸಬೇಕು ಎಂದು ಅದಕ್ಕೆ ತಿಳಿಯುವ ಹಾಗೆ ನಾವು ನಾಲ್ಕು ಸಾಲು ವಿವರಣೆ ಬರೆಯಬೇಕು. ಅಷ್ಟೇ ತಾನೇ ಅಂದುಕೊಂಡೆ.

ಅಷ್ಟರಲ್ಲಿ ಸಾದಲಿಯ ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ, "ಒಂದು ವಾರ ಏನೇನ್ ತಿಂತೀರೋ ಬರ್ಕೊಂಡ್ ಬನ್ನಿ. ಮುದ್ದೆ ಇರ್ಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ" ಅಂದರಂತೆ. ದೊಡ್ಡಮ್ಮ ಕುಸಿದು ಕೂತರು. "ಮುದ್ದೆ ಬಿಡು ಅಂದ್ರೆ ಉಸಿರು ಬಿಡು ಅಂದಂಗಲ್ವೇನೇ? ಅನ್ನ ತಿಂದ್ರೆ ನಂಗೆ ಊಟ ಮಾಡ್ದಂಗೇ ಇರಲ್ಲ."

"ಬರೆಯೋದು ನನಗೆ ಬಿಡು ದೊಡ್ಡಮ್ಮ, ನೀನು ಫೋನ್ ಜೊತೆ ಮಾತಾಡು ಸಾಕು" ಎಂದು ನಾನು ಎದೆಯುಬ್ಬಿಸಿದೆ. ಊಟದಲ್ಲಿ ಎಷ್ಟು ಪಿಷ್ಟ, ಎಷ್ಟು ಸಕ್ಕರೆ ಎಂದು ಲೆಕ್ಕ ಹಾಕುವ ಒಂದು ಸೇವೆಗೆ ಏಜೆಂಟನ್ನು ಜೋಡಿಸಿ ದೊಡ್ಡಮ್ಮನ ಫೋನಿಗೆ ಹಾಕಿದೆ. 'ಊಟ ದಾಖಲಿಸು' ಎಂಬ ಟೂಲಿಗೆ ಹೀಗೆ ಬರೆದೆ: 'ಊಟ ಆಯಿತು ಎಂದಾಗ ದಾಖಲಿಸು. ಏನು ಊಟ ಎಂದು ಹೇಳದಿದ್ದರೆ ಹಿಂದಿನ ಊಟವೇ ಎಂದುಕೋ.' ಎಷ್ಟು ಚೊಕ್ಕವಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಜೊತೆಗೆ ಒಂದಿಷ್ಟು ಮರ್ಯಾದೆಯನ್ನೂ ಕಲಿಸಿದೆ: ಯಾವಾಗ ಮಾತಿಗೆ ಶುರು ಮಾಡಿದರೂ ಮೊದಲು 'ಊಟ ಆಯ್ತಾ ದೊಡ್ಡಮ್ಮ?' ಅನ್ನಬೇಕು. ನಮ್ಮೂರುಗಳಲ್ಲಿ ಬೇರೆ ಥರ ಮಾತು ಶುರುವಾಗುವುದುಂಟೇ!

ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಸಾದಲಿಗೆ ಹೋಗಿ ದಾಖಲೆ ತೆರೆದೆ. ಉದ್ದಕ್ಕೂ ಮುದ್ದೆಯೇ ಮುದ್ದೆ.

"ದೊಡ್ಡಮ್ಮ, ನಿನ್ನೆ ಎಷ್ಟು ಮುದ್ದೆ ತಿಂದೆ?"

"ಯಾವಾಗ್ಲೂ ತಿನ್ನಂಗೇ ಕಣೇ. ಮಧ್ಯಾಹ್ನ ಒಂದು, ರಾತ್ರಿ ಒಂದು."

"ಇಲ್ಲಿ ನೋಡಿದ್ರೆ ಬೀಗರೂಟಕ್ಕೆ ಮಾಡ್ಸಿದಷ್ಟೈತೆ!"

ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ ದೊಡ್ಡಪ್ಪ ಅಲ್ಲಿಂದಲೇ, "ಓಹೋ, ರಾಗಿ ಮೂಟೆ ಬೇಗ ಖಾಲಿ ಆಗ್ತಿರೋದು ಯಾಕೇಂತ ಈಗ ಗೊತ್ತಾಯ್ತು ಬಿಡು" ಅಂದರು.

ಆಗಿದ್ದಿಷ್ಟು. ದೊಡ್ಡಮ್ಮ ರೇಷ್ಮೆ ಗೂಡಿನ ರೇಟು ಕೇಳಲು ಫೋನ್ ತೆಗೆದರೂ, ಬಸ್ಸಿನ ಟೈಮು ಕೇಳಲು ತೆಗೆದರೂ, ಅದು ಮೊದಲು 'ಊಟ ಆಯ್ತಾ' ಅನ್ನುತ್ತಿತ್ತು. ದೊಡ್ಡಮ್ಮ 'ಆಯ್ತಪ್ಪ, ನಿಂದು?' ಅನ್ನುತ್ತಿದ್ದರು. ನಾನು ಹೇಳಿಕೊಟ್ಟಂತೆಯೇ ಅದು ಹಿಂದಿನ ಊಟವೇ ಎಂದುಕೊಂಡು ಇನ್ನೊಂದು ಮುದ್ದೆ ಬರೆದುಕೊಳ್ಳುತ್ತಿತ್ತು.

"ಊಟ ಮಾಡ್ದೇನೇ ಆಯ್ತು ಅಂತ ಯಾಕಂದೆ?"

"ಪಾಪ, ಅದು ಮರ್ಯಾದೆಗೆ ಕೇಳ್ತು, ನಾನೂ ಮರ್ಯಾದೆಗೆ ಆಯ್ತು ಅಂದೆ. ಇಲ್ಲ ಅಂದು, ಅದು ಬಾ ಊಟ ಮಾಡು ಅಂತ ಕರೆದ್ಬಿಟ್ರೆ ಎಲ್ಲಿಗೇಂತ ಹೋಗ್ಲಿ?"

ಇದಕ್ಕೆ ಉತ್ತರ ಯಾವ ವಿಡಿಯೋದಲ್ಲೂ ಇರಲಿಲ್ಲ. ಆ ಸುಳ್ಳು ಮುದ್ದೆಗಳನ್ನು ಹೊತ್ತುಕೊಂಡು ಹೋದರೆ ದೊಡ್ಡಮ್ಮನ ನಿಜವಾದ ಮುದ್ದೆಯೂ ಹೋಗುತ್ತಿತ್ತು. ಜಗಲಿಯಲ್ಲೇ ಕೂತು, ದೊಡ್ಡಮ್ಮನಿಗೂ ಕೇಳುವಂತೆ ಓದಿಕೊಳ್ಳುತ್ತ, ವಿವರಣೆಯನ್ನು ಮತ್ತೆ ಬರೆದೆ. ಈ ಸಲ ಯಾವಾಗ ದಾಖಲಿಸಬಾರದು ಎಂಬುದನ್ನೂ ಬರೆದೆ: 'ಬರೀ ಆಯ್ತು ಎಂದರೆ ಅದು ಕುಶಲೋತ್ತರ, ಊಟವಲ್ಲ. ಏನು ತಿಂದರು, ಏನು ಕುಡಿದರು, ಎಷ್ಟು, ಇವು ಗೊತ್ತಾಗದೆ ದಾಖಲಿಸಬೇಡ. ಗೊತ್ತಾಗದಿದ್ದರೆ ಕೇಳು, ಊಹಿಸಬೇಡ.' ಹಳೆಯದನ್ನೆಲ್ಲ ಅಳಿಸಿ, ದೊಡ್ಡಮ್ಮನನ್ನು ಕೂರಿಸಿಕೊಂಡು ವಾರದ ಊಟವನ್ನು ನೆನಪಿಸಿ ಹೇಳಿಸಿದೆ. ಏಜೆಂಟ್ ಈಗ ಬಿಡದೆ ಕೇಳತೊಡಗಿತು. ಮುದ್ದೆ ಎಷ್ಟು ದೊಡ್ಡದು? ಸಾರು ಯಾವುದು? ಕಾಫಿಗೆ ಸಕ್ಕರೆ ಎಷ್ಟು ಚಮಚ?

"ಇದೇನೇ, ಕಳ್ಳರನ್ನ ಸ್ಟೇಷನ್‌ನಾಗೆ ಕೂರಿಸ್ಕೊಂಡು ಕೇಳ್ದಂಗೆ ಕೇಳ್ತೈತೆ!" ಎಂದು ದೊಡ್ಡಮ್ಮ ಸಿಡುಕಿದರೂ ಉತ್ತರ ಹೇಳಿದರು.

ಮಾರನೆಯ ದಿನ ಡಾಕ್ಟರಮ್ಮ ಎಲ್ಲ ನೋಡಿ, "ಮುದ್ದೆ ಇರ್ಲಿ, ಸ್ವಲ್ಪ ಚಿಕ್ಕದು ಕಟ್ಟಿ. ಆದ್ರೆ ಇಷ್ಟೊಂದು ಸಕ್ಕರೆ ಹಾಕ್ಕೊಂಡು ಇಷ್ಟು ಸಲ ಕಾಫಿ ಕುಡೀತೀರಾ? ಸಕ್ಕರೆ ಇವತ್ತೇ ನಿಲ್ಸಿ" ಅಂದರು. 'ಏನು ಕುಡಿದರು' ಎಂದು ಸೇರಿಸಿದವಳು ನಾನೇ ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು.

"ಮುದ್ದೆ ಉಳಿಸ್ದೆ, ಕಾಫಿ ರುಚಿ ಕಳೆದೆ" ಎಂದು ಬಸ್ಸು ಹತ್ತಿದ ಮೇಲೂ ಗೊಣಗುತ್ತಲೇ ಇದ್ದರು. ಗೆದ್ದ ಖುಷಿಯಲ್ಲಿದ್ದ ನಾನು, ಸ್ಪಷ್ಟವಾಗಿ ಹೇಳುವುದು ಎಷ್ಟು ಮುಖ್ಯ ಎಂದು ಅವರಿಗೆ ಉದ್ದಕ್ಕೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಊಟ ಆಯ್ತೇನೇ?"

ಬೆಳಗಿನಿಂದ ಹೊಟ್ಟೆಗೆ ಒಂದು ಇಡ್ಲಿಯೂ ಬಿದ್ದಿರಲಿಲ್ಲ.

"ಹ್ಞೂ, ಆಯ್ತಮ್ಮ" ಅಂದೆ.

ದೊಡ್ಡಮ್ಮ ಕಿಟಕಿಯಿಂದ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಏನ್ ತಿಂದೆ, ಎಷ್ಟು ತಿಂದೆ ಅಂತ್ಲೂ ಹೇಳಮ್ಮ" ಅಂದರು. "ಗೊತ್ತಾಗ್ದಿದ್ರೆ ನಾವು ಬರ್ಕೊಳಲ್ಲ."