ಭಾಮೈದನ ಕಾರಿಗೆ ಹಗ್ಗ

ನೀರಿನ ಟ್ಯಾಂಕರು ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಗೇಟಿನ ಪಕ್ಕ ಬಂದು ನಿಂತು, ಕರು ಕಳೆದುಕೊಂಡ ಎಮ್ಮೆಯ ಹಾಗೆ ಹಾರನ್ ಹೊಡೆಯತೊಡಗಿತು.

"ಗಾಡಿ ಕಿಸ್ಕಾ ಹೈ? ಹಟಾವ್!" ಡ್ರೈವರ್ ಕೂಗಿದ.

ಬಾಲ್ಕನಿಗಳಲ್ಲಿ ಬಕೆಟ್ ಹಿಡಿದು ನಿಂತವರೆಲ್ಲ ಒಟ್ಟಿಗೆ ವಿಷ್ಣುಮೂರ್ತಿಯವರ ಕಿಟಕಿಯ ಕಡೆ ನೋಡಿದರು. ಗಾಡಿ ಅವರದಲ್ಲ, ಅವರ ಹೆಂಡತಿ ಮುಕ್ತಾಳ ತಮ್ಮ ಹಯಗ್ರೀವನದು. ಕಳಂಬೋಲಿಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಹಯಗ್ರೀವ, ಉಡುಪಿಗೆ ಹೋಗುವಾಗ ತನ್ನ ಹೊಸ ಕಾರನ್ನು ಲಾರಿಗಳ ನಡುವೆ ಬಿಡಲು ಮನಸ್ಸಾಗದೆ ಅಕ್ಕನ ಮನೆಯ ಕೆಳಗೆ ನಿಲ್ಲಿಸಿದ್ದ. ಮಗಳನ್ನು ಧಾರೆ ಎರೆದು ಕೊಡುವವನ ಹಾಗೆ ಗದ್ಗದನಾಗಿ ಭಾವನ ಕೈಗೆ ಕೀಲಿ ಕೊಟ್ಟಿದ್ದ. ಕಾರು ನಿಂತದ್ದು ಮಾತ್ರ ನೆಲದಡಿಯ ನೀರಿನ ತೊಟ್ಟಿಯ ಮುಚ್ಚಳಕ್ಕೆ ಸರಿಯಾಗಿ ಅಡ್ಡ.

ವಿಷ್ಣುಮೂರ್ತಿ ಕೆಳಗಿಳಿದು ಬಂದು ಕೀಲಿ ತಿರುಗಿಸಿದರು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿದವು. ಇಂಜಿನ್ ಮಾತ್ರ ಕೆಮ್ಮಲೂ ಇಲ್ಲ. ಹಯಗ್ರೀವನಿಗೆ ಫೋನ್ ಮಾಡಿದರೆ ಹತ್ತಲಿಲ್ಲ; ಉಡುಪಿಯಿಂದ ಮರಳುತ್ತಿದ್ದ ಅವನು ಕೊಂಕಣ ರೈಲಿನ ಯಾವುದೋ ಸುರಂಗದೊಳಗಿದ್ದ.

"ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ," ಎನ್ನುತ್ತ ಹುಬ್ಬಳ್ಳಿಯ ಪುಂಡರೀಕಾಕ್ಷ ಬಂದರು. ನಿವೃತ್ತರಾದ ಮೇಲೆ ಇಡೀ ಕಟ್ಟಡದ ಚಿಂತೆಯನ್ನು ತಾವೇ ವಹಿಸಿಕೊಂಡವರು. "ಮೋಹನದಾಸರ ಟೆಂಪೋಕ್ಕ ಹಗ್ಗ ಕಟ್ಟಿ ಎಳದ್ರ ಆತು."

ರಸ್ತೆ ಕೂಡುವ ನಾಕಾದ ಬಳಿ ಹೋಟೆಲು ನಡೆಸುವ ಮೋಹನದಾಸರು ತರಕಾರಿ ಇಳಿಸಿ ಆಗಷ್ಟೇ ಟೆಂಪೊ ತಂದಿದ್ದರು. "ಅದಕ್ಕೆಂತ ಮಾರಾಯ್ರೆ, ಎಳೆಯುವ!" ಎಂದರು. ವಿಷ್ಣುಮೂರ್ತಿಯವರಿಗೆ ಕಣ್ಣು ತುಂಬಿ ಬಂತು. ಊರು ಬಿಟ್ಟು ಬಂದವರಿಗೆ ನೆರೆಯವರೇ ಬಂಧುಗಳು ಎಂದುಕೊಂಡು ಇಬ್ಬರಿಗೂ ಕೈಮುಗಿದು ಸ್ಟಿಯರಿಂಗ್ ಹಿಡಿದು ಕುಳಿತರು.

ಪುಂಡರೀಕಾಕ್ಷರು ಹಗ್ಗವನ್ನು ಬಂಪರಿಗೇ ಕಟ್ಟಿ "ಹೂಂ, ಹೊಡೀರಿ!" ಎಂದರು. ಟೆಂಪೊ ಗುಡುಗಿತು. ಪಟಾರೆಂದು ಸದ್ದಾಯಿತು. ಟೆಂಪೊ ಹೊರಟೇ ಹೋಯಿತು. ಹಿಂದೆ ಬಂಪರು ಮಾತ್ರ ಅದನ್ನು ನಂಬಿ ಹೋಯಿತು. ಕಾರು ಅಲ್ಲೇ ಇತ್ತು. ಹಾಡು ಹಾಕಿಕೊಂಡಿದ್ದ ಮೋಹನದಾಸರು ನಾಕಾದವರೆಗೆ ಹೋಗಿ, ಕೆಲಸ ಚೆನ್ನಾಗಿ ಆಯಿತೆಂದು ನಗುತ್ತ ಇಳಿದು ನೋಡಿದರು.

ಎರಡನೆಯ ಸಲ ಹಗ್ಗವನ್ನು ಕಾರಿನ ಅಡಿಗೆಲ್ಲೋ ಬಿಗಿದರು. ಈಗ ಕಾರು ಹೊರಟಿತು, ಆದರೆ ಹಿಂದಿನ ಚಕ್ರಗಳು ತಿರುಗಲೊಲ್ಲವು. ಹಟ ಹಿಡಿದ ಮಗುವನ್ನು ಶಾಲೆಗೆ ಎಳೆದ ಹಾಗೆ ನೆಲದ ಮೇಲೆ ಎರಡು ಕಪ್ಪು ಗೆರೆ ಬರೆದು, ಹೊಗೆ ಎಬ್ಬಿಸಿದವು.

"ಹ್ಯಾಂಡ್‌ಬ್ರೇಕ್ ತೆಗೀರ್ರೀ!" ಪುಂಡರೀಕಾಕ್ಷರು ಕಿರುಚಿದರು.

ವಿಷ್ಣುಮೂರ್ತಿ ತೆಗೆದರು. ಅದೇ ಹೊತ್ತಿಗೆ ಕೂಗು ಕೇಳಿದ ಮೋಹನದಾಸರು ಟೆಂಪೊ ನಿಲ್ಲಿಸಿದರು. ಬಿಡುಗಡೆಯಾದ ಕಾರು ಮುಂದಕ್ಕೆ ನುಗ್ಗಿತು. ಇಂಜಿನ್ ಓಡದ ಕಾರಿನ ಬ್ರೇಕು ಬಂಡೆಯ ಹಾಗೆ ಗಟ್ಟಿ; ವಿಷ್ಣುಮೂರ್ತಿ ಎದ್ದು ನಿಂತು ತುಳಿದರೂ ಕೇಳದೆ, ಟೆಂಪೊದ ಬೆನ್ನಿಗೆ ಮುತ್ತಿಟ್ಟಿತು. ಎರಡು ಹೆಡ್‌ಲೈಟೂ ಹೋದವು. ಬಾನೆಟ್ಟು ಮಸಾಲೆ ದೋಸೆಯ ಹಾಗೆ ಮಡಚಿಕೊಂಡಿತು.

ಆದರೆ ತೊಟ್ಟಿಯ ಬಾಯಿ ತೆರವಾಗಿತ್ತು. ಟ್ಯಾಂಕರು ಒಳಗೆ ಬಂದಿತು, ನೀರು ಧುಮುಕಿತು. ಬಾಲ್ಕನಿಗಳಲ್ಲಿ ಚಪ್ಪಾಳೆ! "ನಿಮ್ಮಿಂದ ನೀರು ಕಂಡೆವು," ಎಂದು ಕೈಕುಲುಕಿದವರಿಗೆಲ್ಲ ವಿಷ್ಣುಮೂರ್ತಿ, "ಇಲ್ಲ, ನಾನೇ ನಿಮಗೆ ಋಣಿ," ಎಂದರು. ಒಳಗೆ ಮುಕ್ತಾ ಸೋಫಾದ ಮೇಲೆ ಕುಸಿದಿದ್ದಳು.

"ಸಂಜೆ ಅವ ಬರ್ತಾನೆ. ಎಂತ ಹೇಳ್ತೀರಿ?"

"ಇದ್ದದ್ದನ್ನೇ ಹೇಳುದು. ಹೊಡೆದರೆ ಹೊಡೀಲಿ."

ಸಂಜೆ ಹಯಗ್ರೀವ ಪನವೇಲಿನಲ್ಲಿಳಿದು ನೇರ ಬಂದ. ಕಾರನ್ನು ಸುತ್ತು ಹಾಕಿದ. ಕಿತ್ತುಹೋದ ಬಂಪರು, ಅಡಿಯಲ್ಲಿ ಹಗ್ಗದ ತುಂಡು, ನೆಲದ ಮೇಲೆ ಗೆರೆ, ಎಲ್ಲವನ್ನೂ ನೋಡಿದ. ವಿಷ್ಣುಮೂರ್ತಿ ಬಾಯಿ ತೆರೆದರು. ಅಷ್ಟರಲ್ಲಿ ಹಯಗ್ರೀವ ಅವರ ಕಾಲಿಗೆ ಬಿದ್ದ.

"ಭಾವ! ಕಳ್ಳರು ಹಗ್ಗ ಕಟ್ಟಿ ಎಳೆದಿದ್ದಾರೆ ಅಲ್ವಾ? ಎಳೆಯದೆ ಎಂತ ಮಾಡ್ತಾರೆ! ಸೀಟಿನ ಅಡಿ ನಾನೊಂದು ಗುಟ್ಟಿನ ಸ್ವಿಚ್ಚು ಹಾಕಿಸಿದ್ದೆ, ಅದು ಒತ್ತದೆ ಇಂಜಿನ್ ಏಳುದಿಲ್ಲ. ನೀವು ಸುತ್ತಾಡಲಿಕ್ಕೆ ಹೋಗ್ತೀರಿ ಅಂತ ನಿಮಗೂ ಹೇಳಲಿಲ್ಲ, ಪಾಪಿ ನಾನು! ಅಂಥಾ ನನ್ನ ಕಾರನ್ನು ನೀವು ಉಳಿಸಿದ್ರಿ!"

"ಅಲ್ಲ ಮಾರಾಯ, ಅದು..." ಎನ್ನುತ್ತ ವಿಷ್ಣುಮೂರ್ತಿ ಹೆಂಡತಿಯತ್ತ ನೋಡಿದರು. ಮದುವೆಯಾದಂದಿನಿಂದ ತವರಿನವರ ಬಾಯಲ್ಲಿ ಗಂಡನ ಬಗ್ಗೆ ಒಂದು ಒಳ್ಳೆಯ ಮಾತು ಕೇಳದ ಮುಕ್ತಾ, ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವರು ಮಾತು ಮುಗಿಸದೆ ಬಗ್ಗಿ ಭಾಮೈದನ ಬೆನ್ನು ತಟ್ಟಿದರು.

ಸುತ್ತ ಕೂಡಿದ್ದ ನೆರೆಯವರ ಮನೆಯಲ್ಲೆಲ್ಲ ಆಗ ಕೊಡ ತುಂಬಿದ ನೀರು. ಆ ಋಣಕ್ಕೋ ಏನೋ, ಒಬ್ಬರೂ ತುಟಿ ಬಿಚ್ಚಲಿಲ್ಲ. ಹಗ್ಗ ಕಟ್ಟಿದ ಪುಂಡರೀಕಾಕ್ಷರಂತೂ ಮುಂದೆ ಬಂದು, "ನಾನು ಕಣ್ಣಾರೆ ಕಂಡೀನ್ರೀ. ಹೆಂಗ ಹೋರಾಡಿದ್ರು ಅಂತೀರಿ!" ಎಂದುಬಿಟ್ಟರು.

"ಹೌದಾ? ಹಾಗಾದ್ರೆ ಬನ್ನಿ!" ಹಯಗ್ರೀವ ಎದ್ದು ನಿಂತ. "ನನ್ನ ಭಾವನ ಮೇಲೆ ಕೈ ಮಾಡಿದವರನ್ನು ಬಿಡುದುಂಟಾ?"

ಪೊಲೀಸ್ ಚೌಕಿಯವರೆಗೂ ಅವನು ಭಾವನ ಕೈ ಬಿಡಲಿಲ್ಲ. ದಾರಿಯುದ್ದಕ್ಕೂ ಕೃತಜ್ಞತೆಯಿಂದ ಅದನ್ನು ಹಿಸುಕುತ್ತಲೇ ಇದ್ದ. ಚೌಕಿಯಲ್ಲಿ ಹವಾಲ್ದಾರ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಸಾಕ್ಷಿಯಾಗಿ ಜೊತೆಗೆ ಬಂದಿದ್ದ ಪುಂಡರೀಕಾಕ್ಷರ ಕಡೆ ತಿರುಗಿ, "ಚೋರ್ ದಿಸಾಯ್ಲಾ ಕಸಾ ಹೋತಾ?" ಎಂದ. ಕಳ್ಳ ನೋಡಲು ಹೇಗಿದ್ದ?

ಸುಳ್ಳು ಹೇಳಿ ಅಭ್ಯಾಸವಿಲ್ಲದ ಪುಂಡರೀಕಾಕ್ಷರು ಬೆವರಿದರು. ಯಾರ ಹಾಗಿದ್ದ ಎನ್ನಲಿ ಎಂದು ಕೋಣೆಯ ತುಂಬ ಕಣ್ಣಾಡಿಸಿದರು. ಕಣ್ಣು ಕೊನೆಗೆ ವಿಷ್ಣುಮೂರ್ತಿಯವರ ಮೇಲೆ ನಿಂತಿತು.

"ಹೆಚ್ಚೂ ಕಡಿಮಿ... ಇವರಂಗೇ ಇದ್ದ ನೋಡ್ರಿ," ಎಂದರು.